ಹನ್ನೊಂದನೆಯ ತಿಂಗಳ ಕೊನೆಯ ದಿನ

ಅಲ್ ಕುಸೈಸ್

ದುಬೈಗೆ ಹೋಗಿ ಬಂದವಳೆಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಆ ಎತ್ತರದ ಕಟ್ಟಡದ ತುದಿಗೆ ಹತ್ತಿದಿರಾ? ಹತ್ತಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಎತ್ತರವನ್ನು ಕೆಳಗೆ ನಿಂತೇ ಲೆಕ್ಕ ಹಾಕುವ ವಿದ್ಯೆ ಗೊತ್ತು. ಕತ್ತು ನೋಯುವಷ್ಟು ಹೊತ್ತು ನೋಡಿ, ಸಾಕು ಎಂದು ತಂಗಿಯ ಮನೆಗೆ ಮರಳಿದೆ. ಇದನ್ನು ಹೇಳಿದರೆ ಉಡುಪಿಯ ನೆರೆಕರೆಯವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ. ನೋಡಲಿ. ಹದಿನೆಂಟು ದಿನಗಳ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಗುರುವಾರ ಮಾತ್ರ. ಅದನ್ನಷ್ಟೇ ಬರೆಯುತ್ತೇನೆ.

2018ರ ಡಿಸೆಂಬರ್. ತಂಗಿ ಸುಜಾತ ಮತ್ತು ಅವಳ ಗಂಡ ರಮೇಶ ಇರುವುದು ಅಲ್ ಕುಸೈಸ್‌ನ ಒಂದು ಹಳೆಯ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ. ರಮೇಶನಿಗೆ ಅಲ್ ಕೂಜ್‌ನಲ್ಲಿ ಮರಗೆಲಸದ ವರ್ಕ್‌ಶಾಪ್ ಇದೆ. ಸುಜಾತ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಬೆಳಗ್ಗೆ ಆ ಕಟ್ಟಡದ ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ತುಳು, ಮಲಯಾಳ, ಉರ್ದು ಮೂರೂ ಕಿವಿಗೆ ಬಿದ್ದಿರುತ್ತವೆ. ಯಾರ ಮನೆಯಲ್ಲಿ ಮೀನು, ಯಾರ ಮನೆಯಲ್ಲಿ ಸಾಂಬಾರು ಎಂಬುದೂ ಮೂಗಿಗೆ ಗೊತ್ತಾಗಿರುತ್ತದೆ.

ಎದುರು ಮನೆಯವಳು ರಿಬೆಕಾ. ಸುಜಾತಳ ಕ್ಲಿನಿಕ್ಕಿನಲ್ಲೇ ನರ್ಸ್. ನಲವತ್ತರ ಆಸುಪಾಸಿನವಳು, ಮುಂಬೈ ಪಕ್ಕದ ಠಾಣೆಯವಳು, ಮನೆಮಾತು ಮರಾಠಿ. ಮೊದಲ ದಿನವೇ ನಾನು ನನ್ನ ಶಾಲೆಯ ಹಿಂದಿಯಲ್ಲಿ, "ನೀವು ಯಾವ ಇಗರ್ಜಿಗೆ ಹೋಗುವುದು?" ಎಂದು ಕೇಳಿಬಿಟ್ಟೆ. ನಮ್ಮೂರಲ್ಲಿ ರಿಬೆಕಾ ಎಂದರೆ ಇಗರ್ಜಿಯಲ್ಲದೆ ಇನ್ನೇನು? ಅವಳು ನಕ್ಕು, "ಎಲ್ಲರೂ ಹಾಗೇ ಕೇಳುತ್ತಾರೆ ಆಂಟಿ. ನಾವು ಯೆಹೂದಿಗಳು" ಎಂದಳು. ಅವರ ಹಿರಿಯರು ಹಡಗು ಒಡೆದು ಕೊಂಕಣದ ದಡ ಸೇರಿದವರಂತೆ. ಹಳ್ಳಿಗಳಲ್ಲಿ ಗಾಣ ಇಟ್ಟು ಎಣ್ಣೆ ತೆಗೆದು ಬದುಕಿದರಂತೆ. ಶನಿವಾರ ಮಾತ್ರ ಅವರ ಗಾಣ ತಿರುಗುತ್ತಿರಲಿಲ್ಲ. ಹಾಗಾಗಿ ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆದರು. ಇತಿಹಾಸದ ಪುಸ್ತಕದಲ್ಲಷ್ಟೇ ಇದ್ದ ಒಂದು ಜನ ಹೀಗೆ ತಂಗಿಯ ಎದುರು ಮನೆಯಲ್ಲಿ, ಕೊತ್ತಂಬರಿ ಸೊಪ್ಪು ಸಾಲ ಕೇಳುತ್ತ ನನಗೆ ಸಿಕ್ಕಿದರು.

ಅವಳ ಮನೆಯ ಬಾಗಿಲಿನ ಒಳಬದಿಯ ದಾರಂದಕ್ಕೆ ಬೆರಳುದ್ದದ ಒಂದು ಮರದ ಡಬ್ಬಿಯನ್ನು ಓರೆಯಾಗಿ ಹೊಡೆದಿದ್ದರು. ಓರೆಯಾದದ್ದನ್ನು ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ನೆಟ್ಟಗೆ ಮಾಡಲು ಹೋದೆ. "ಬೇಡ ಆಂಟಿ, ಅದು ಇರಬೇಕಾದ್ದೇ ಹಾಗೆ. ಒಳಗೆ ನಮ್ಮ ಪ್ರಾರ್ಥನೆ ಬರೆದ ಸುರುಳಿ ಇದೆ" ಎಂದು ರಿಬೆಕಾ ಓಡಿ ಬಂದಳು. ಆ ಮನೆಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದು ಅತಿ ಚಿಕ್ಕದು.

ಅವಳ ಅಪ್ಪ ಆ ವರ್ಷದ ಆರಂಭದಲ್ಲಿ ಠಾಣೆಯಲ್ಲಿ ತೀರಿಕೊಂಡಿದ್ದರು. ಅವರಲ್ಲಿ ದೇಹವನ್ನು ಇಟ್ಟುಕೊಂಡು ಕಾಯುವುದಿಲ್ಲ, ಆದಷ್ಟು ಬೇಗ ಮಣ್ಣು ಮಾಡುತ್ತಾರೆ. ಇವಳ ವಿಮಾನ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏಳು ದಿನ ನೆಲದ ಮೇಲೆ ಕೂತು ಸೂತಕ ಕಳೆದು, ರಜೆ ಮುಗಿಯಿತೆಂದು ಮರಳಿ ಬಂದಳು. ಸತ್ತ ತಂದೆತಾಯಿಗಾಗಿ ಮಗ ಹನ್ನೊಂದು ತಿಂಗಳು ಹೇಳಬೇಕಾದ ಒಂದು ಪ್ರಾರ್ಥನೆ ಇದೆ, ಕದ್ದೀಷ್ ಎಂದು ಅದರ ಹೆಸರು. ಇವಳಿಗೆ ಅಣ್ಣತಮ್ಮಂದಿರಿಲ್ಲ. ಠಾಣೆಯ ಪ್ರಾರ್ಥನಾ ಮಂದಿರದ ಹಿರಿಯರೊಬ್ಬರು ಇವಳ ಪರವಾಗಿ ಹೇಳುತ್ತಿದ್ದರು. "ಒಂದೇ ಒಂದು ಸಲ ನನ್ನ ಬಾಯಲ್ಲಿ ಹೇಳಬೇಕು ಆಂಟಿ" ಎಂದಳು ರಿಬೆಕಾ. "ಆದರೆ ಅದನ್ನು ಒಬ್ಬರೇ ಕೂತು ಹೇಳುವ ಹಾಗಿಲ್ಲ. ನಮ್ಮವರು ಹತ್ತು ಜನ ಗಂಡಸರು ಸೇರಿರಬೇಕು."

ದುಬೈಯಲ್ಲಿ ಆಗ ಯೆಹೂದಿಗಳ ದೇವಾಲಯ ಎಂದು ಬೋರ್ಡು ಹಾಕಿದ ಜಾಗ ಇರಲಿಲ್ಲ. ಒಂದು ವಿಲ್ಲಾದಲ್ಲಿ ಕೆಲವರು ಸದ್ದಿಲ್ಲದೆ ಸೇರಿ ಪ್ರಾರ್ಥಿಸುತ್ತಾರೆ ಎಂದು ಅವಳಿಗೆ ಗೊತ್ತಾದದ್ದೇ ಹಿಂದಿನ ತಿಂಗಳು. ಅವರು ಒಪ್ಪಿದರು. ಅವರ ಪಂಚಾಂಗದ ಪ್ರಕಾರ ಹನ್ನೊಂದು ತಿಂಗಳ ಕೊನೆಯ ದಿನ ಆ ಗುರುವಾರ. ಸೂರ್ಯ ಮುಳುಗುವ ಮೊದಲಿನ ಪ್ರಾರ್ಥನೆಗೆ ಸೇರುವುದೆಂದಾಯಿತು. ಡಿಸೆಂಬರ್ ರಜೆಗೆ ಹಲವರು ಊರು ಬಿಟ್ಟಿದ್ದರಿಂದ ಲೆಕ್ಕ ಒಂಬತ್ತಕ್ಕೆ ನಿಂತಿತು. ಹತ್ತನೆಯವರಾಗಿ ಸಿಕ್ಕಿದ್ದು ಮೋಸೆಸ್ ಅಂಕಲ್. ಅವರೂ ಠಾಣೆಯವರೇ, ಹಡಗಿನ ನಿವೃತ್ತ ಎಂಜಿನಿಯರ್, ಅಬುಧಾಬಿಯಲ್ಲಿ ಮಗಳ ಮನೆಗೆ ಬಂದಿದ್ದರು. ಎಪ್ಪತ್ತೆಂಟು ವರ್ಷದವರನ್ನು ಒಬ್ಬರನ್ನೇ ಕಳಿಸಲು ಮಗಳಿಗೆ ಹೆದರಿಕೆ.

ಅದೇ ಗುರುವಾರ ರಮೇಶನಿಗೆ ಅಬುಧಾಬಿಯಲ್ಲಿ ಒಂದು ಮನೆಯ ಬಾಗಿಲುಗಳ ಅಳತೆ ತೆಗೆಯುವುದಿತ್ತು. ನನಗೆ ಅಲ್ಲಿಯ ದೊಡ್ಡ ಮಸೀದಿ ನೋಡುವ ಆಸೆ. "ಹೇಗೂ ಕಾರು ಬರುವಾಗ ಖಾಲಿಯಲ್ಲವಾ, ಆ ಅಂಕಲ್‌ನ್ನು ನೀವೇ ಕರ್ಕೊಂಡು ಬನ್ನಿ" ಎಂದಳು ಸುಜಾತ. ನಾನು ಎದೆ ತಟ್ಟಿ ಒಪ್ಪಿಕೊಂಡೆ. "ಚಿಂತೆ ಬಿಡು ಮಗಾ. ನಾಲ್ಕು ಗಂಟೆಗೆ ನಿನ್ನ ಹತ್ತನೆಯವರು ಅಲ್ಲಿರುತ್ತಾರೆ" ಎಂದು ರಿಬೆಕಾಳಿಗೆ ಮಾತು ಕೊಟ್ಟೆ.

ಅಬುಧಾಬಿ, ಬಿಳಿ ಮಸೀದಿ

ಮಸೀದಿಯ ಬಾಗಿಲಲ್ಲಿ ನನಗೊಂದು ಉದ್ದನೆಯ ನಿಲುವಂಗಿ ತೊಡಿಸಿದರು, ತಲೆಗೆ ಟೊಪ್ಪಿಯೂ ಅದರಲ್ಲೇ ಹೊಲಿದಿತ್ತು. ಸೀರೆಯ ಮೇಲೆ ಅದನ್ನು ಹಾಕಿಕೊಂಡು ನಡೆಯುವಾಗ ಮಳೆಗಾಲದಲ್ಲಿ ಓಲೆಯ ಕೊರಂಬು ಹೊತ್ತು ಗದ್ದೆಗೆ ಇಳಿದವಳಂತೆ ಕಂಡಿರಬೇಕು. ಒಳಗಿನ ಅಂದವನ್ನು ನಾನು ವರ್ಣಿಸುವುದಿಲ್ಲ. ಬಿಸಿಲಿಗೆ ಕಣ್ಣು ಕುಕ್ಕುವ ಅಮೃತಶಿಲೆ, ಕಾಲು ಹುಗಿಯುವ ಜಮಖಾನ, ಸಾವಿರ ಜನ ಇದ್ದರೂ ಪಿಸುಮಾತು. ನಮ್ಮ ದೇವಸ್ಥಾನಗಳಲ್ಲಿ ಮೂವತ್ತು ಜನ ಸೇರಿದರೆ ಗಂಟೆಯ ಸದ್ದೇ ಕೇಳಿಸುವುದಿಲ್ಲ. ಇಲ್ಲಿಯ ಮೌನ ನನಗೆ ಹಿಡಿಸಿತು, ಐದು ನಿಮಿಷದ ನಂತರ ಮಾತಾಡಬೇಕೆಂದೂ ಅನ್ನಿಸಿತು.

ಚಪ್ಪಲಿ ಇಟ್ಟ ಕಪಾಟಿನ ಸಂಖ್ಯೆ ಅರವತ್ತನಾಲ್ಕು. ಎಂಟರ ವರ್ಗ, ನಾಲ್ಕರ ಘನ. ಬರೆದಿಟ್ಟುಕೊಳ್ಳುವ ಅಗತ್ಯವೇ ಇಲ್ಲ ಎಂದು ಹೆಮ್ಮೆಯಿಂದ ಒಳಗೆ ಹೋಗಿದ್ದೆ. ಹೊರಗೆ ಬಂದು ನೋಡಿದರೆ ಅರವತ್ತನಾಲ್ಕರಲ್ಲಿ ಯಾರದೋ ಮಕ್ಕಳ ಬೂಟುಗಳಿವೆ. ನಾನು ಬೇರೆ ಬಾಗಿಲಿನಿಂದ ಹೊರಬಿದ್ದಿದ್ದೆ, ಎರಡೂ ಬದಿಯ ಕಪಾಟುಗಳಿಗೆ ಒಂದೇ ಕ್ರಮದ ಸಂಖ್ಯೆಗಳು. ಅದು ತಲೆಗೆ ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಆ ಅಂಗಳ ಎಷ್ಟು ದೊಡ್ಡದೆಂದರೆ ಇನ್ನೊಂದು ಬದಿಯ ಅರವತ್ತನಾಲ್ಕನ್ನು ಮುಟ್ಟುವಾಗ ಇನ್ನೂ ಕಾಲು ಗಂಟೆ ಕಳೆದಿತ್ತು. ಕಾವಲಿನ ಫಿಲಿಪೀನ್ಸ್ ಹುಡುಗಿ ನನ್ನ ಕೈಹಿಡಿದು, "ಯಲ್ಲಾ ಮಮ್ಮಾ, ಯಲ್ಲಾ" ಎಂದು ನಡೆಸಿಕೊಂಡು ಹೋದಳು.

ಹೊರಗೆ ರಮೇಶ ಸ್ಟೇರಿಂಗ್ ಹಿಡಿದೇ ಕೂತಿದ್ದ. ಅವನು ಗಟ್ಟಿ ಮಾತಾಡುವವನಲ್ಲ.

"ಅಕ್ಕ, ಎಂತ ಆಯ್ತು? ಮುಕ್ಕಾಲು ಗಂಟೆ ಆಯ್ತು ನಾನಿಲ್ಲಿ."

"ಚಪ್ಪಲಿ ಹುಡುಕ್ತಿದ್ದೆ ಮಾರಾಯ."

"ರಬ್ಬರ್ ಚಪ್ಪಲ್ ಅಲ್ವಾ? ಬಿಟ್ಟು ಬರ್ಬಹುದಿತ್ತು."

"ಬರಿಗಾಲಲ್ಲಿ ಬಂದ್ರೆ ಆ ಅಂಕಲ್ ಎಂತ ತಿಳ್ಕೊಳ್ಳುದು?" ಎಂದು ನಾನೇ ಜೋರು ಮಾಡಿದೆ. ತಪ್ಪು ನನ್ನದಾದಾಗ ನನ್ನ ಸ್ವರ ಸ್ವಲ್ಪ ಏರುತ್ತದೆ, ಶಾಲೆಯಲ್ಲೂ ಹಾಗೇ ಇತ್ತು. ರಮೇಶ ಗಾಡಿ ಬಿಟ್ಟ. "ಗುರುವಾರ ಮೂರು ಗಂಟೆ ದಾಟಿದ್ರೆ ಈ ರೋಡಲ್ಲಿ ಎಲ್ಲ ಬ್ಲಾಕ್. ನಾಳೆ ರಜೆ ಉಂಟಲ್ಲ, ಎಲ್ರೂ ದುಬೈಗೆ ಓಡುದು" ಎಂದಷ್ಟೇ ಹೇಳಿದ.

ಖಾಲಿದಿಯಾ

ಮೋಸೆಸ್ ಅಂಕಲ್ ಮಗಳ ಮನೆಯ ಕಟ್ಟಡದ ಕೆಳಗೆ ಬಿಸಿಲಲ್ಲಿ ನಿಂತಿದ್ದರು. ಒಂದು ಗಂಟೆಯಿಂದ ನಿಂತಿದ್ದಾರೆಂದು ಅವರ ಮಗಳ ಮುಖ ಹೇಳುತ್ತಿತ್ತು, ಅವರ ಮುಖವಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಿಸೆಯಿಂದ ಇಣುಕುವ ಪುಟ್ಟ ಟೊಪ್ಪಿ, ಕೈಯಲ್ಲಿ ಸ್ಟೀಲ್ ಡಬ್ಬ. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು ಹಿಂದೆ ತಿರುಗಿ ನನಗೆ ಕೈಮುಗಿದರು.

"ರಿಬೆಕಾ ಫೋನಿನಲ್ಲಿ, ಅಂಕಲ್ ನೀವು ಹತ್ತನೆಯವರು ಎಂದಳು" ಎಂದರು ತಮ್ಮ ಮುಂಬೈ ಹಿಂದಿಯಲ್ಲಿ. "ನನ್ನ ಮನೆಯಲ್ಲೇ ಊಟಕ್ಕೆ ನನಗಾಗಿ ಯಾರೂ ಕಾಯುವುದಿಲ್ಲ. ಇವತ್ತು ಒಂಬತ್ತು ಜನ ಕಾಯುತ್ತಿದ್ದಾರೆ. ನಿನ್ನೆಯಿಂದ ಮಗಳ ಮುಂದೆ ಸ್ವಲ್ಪ ಜಂಬ ಮಾಡುತ್ತಿದ್ದೇನೆ."

ಡಬ್ಬದಲ್ಲಿ ಏನೆಂದು ಕೇಳಿದೆ. ಮುಚ್ಚಳ ತೆರೆದು ತೋರಿಸಿದರು. ಅವಲಕ್ಕಿ! ಕಾಯಿತುರಿ, ಸಕ್ಕರೆ, ಏಲಕ್ಕಿ, ಬಾದಾಮಿ ಹಾಕಿ ಕಲಸಿದ ಸಾಕ್ಷಾತ್ ಸಿಹಿ ಅವಲಕ್ಕಿ. ಅವರು ಅದನ್ನು ಮಲಿದಾ ಎನ್ನುತ್ತಾರೆ, ಹರಕೆ ಸಂದಾಗ ಪ್ರವಾದಿಯೊಬ್ಬರ ಹೆಸರು ಹೇಳಿ ಹಂಚುತ್ತಾರೆ. ಬೆಲ್ಲ ಹಾಕಿದ್ದರೆ ನಮ್ಮಲ್ಲಿಯ ಪ್ರಸಾದವೇ ಆಗುತ್ತಿತ್ತು ಎಂದೆ. ಪ್ರಾರ್ಥನೆ ಮುಗಿಯುವ ತನಕ ಒಂದು ಕಾಳೂ ಸಿಗುವುದಿಲ್ಲ ಎಂದು ಅವರು ಮುಚ್ಚಳ ಹಾಕಿಬಿಟ್ಟರು.

ಹೆದ್ದಾರಿ

ರಮೇಶ ಹೇಳಿದ್ದು ಸುಳ್ಳಾಗಲಿಲ್ಲ. ಅರ್ಧ ದಾರಿ ಬರುವುದರೊಳಗೆ ಮುಂದೆ ಎಲ್ಲೋ ಅಪಘಾತವಾಗಿ ಆರು ಸಾಲು ವಾಹನಗಳೂ ತೆವಳತೊಡಗಿದವು. ಎರಡೂ ಬದಿ ಮರಳು, ನಡುವೆ ನಾವು. ಊರಿನಲ್ಲಾದರೆ ಇಷ್ಟು ಹೊತ್ತಿಗೆ ಎಲ್ಲರೂ ಇಳಿದು, ಸಂಚಾರ ನಿಯಂತ್ರಿಸಲು ನಾಲ್ಕು ಮಂದಿ ಸ್ವಯಂಸೇವಕರು ಹುಟ್ಟಿಕೊಂಡು, ಕಡ್ಲೆ ಮಾರುವವನೂ ಬಂದಿರುತ್ತಿದ್ದ. ಇಲ್ಲಿ ಯಾರೂ ಹಾರ್ನ್ ಕೂಡ ಹಾಕಲಿಲ್ಲ. ಸುಮ್ಮನೆ ಕೂರಲು ನನಗೆ ಬರುವುದಿಲ್ಲ. ಸತ್ತ ಮೇಲೆ ನಿಮ್ಮಲ್ಲಿ ಏನಾಗುತ್ತದೆ ಎಂದು ಅಂಕಲ್‌ರನ್ನು ನೇರವಾಗಿ ಕೇಳಿದೆ. ರಮೇಶ ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದ. ಅಂಕಲ್‌ಗೆ ಮಾತ್ರ ಖುಷಿಯಾಯಿತು.

ಉಸಿರು ನಿಂತ ಮೇಲೂ ಆತ್ಮ ದೇಹದ ಹತ್ತಿರವೇ ಸುಳಿಯುತ್ತದೆಯಂತೆ, ಇಷ್ಟು ವರ್ಷ ಇದ್ದ ಮನೆಯನ್ನು ಥಟ್ಟನೆ ಬಿಡಲಾರದೆ. ಅದಕ್ಕೇ ಮಣ್ಣು ಮಾಡುವ ತನಕ ದೇಹವನ್ನು ಒಂಟಿಯಾಗಿ ಬಿಡುವುದಿಲ್ಲ, ಪಕ್ಕದಲ್ಲಿ ಒಬ್ಬರು ಕೀರ್ತನೆಗಳನ್ನು ಓದುತ್ತ ಕೂತಿರುತ್ತಾರೆ. ನಮ್ಮಲ್ಲೂ ತಲೆಯ ಬಳಿ ದೀಪ ಇಟ್ಟು ಕೂರುತ್ತಾರೆ ಎಂದೆ. ಮನೆಯ ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ ಎಂದರು. ಬಡವನಿಗೂ ಸಾಹುಕಾರನಿಗೂ ಒಂದೇ ಬಗೆಯ ಬಿಳಿ ಬಟ್ಟೆ, ಅದಕ್ಕೆ ಕಿಸೆ ಇರುವುದಿಲ್ಲ. ಸುಡುವ ಪದ್ಧತಿ ಅವರಲ್ಲಿಲ್ಲ. ಒಂದು ದಿನ ಸತ್ತವರೆಲ್ಲ ಎದ್ದು ಬರುತ್ತಾರೆ ಎಂಬ ನಂಬಿಕೆ.

"ಹಾಗಾದರೆ ನಮ್ಮ ಗತಿ? ನಾವು ಬೂದಿ ಮಾಡಿ ನೀರಿಗೆ ಬಿಡುತ್ತೇವಲ್ಲ."

"ಮಣ್ಣಿನಿಂದ ಎಬ್ಬಿಸಬಲ್ಲವನಿಗೆ ನೀರಿನಿಂದ ಎಬ್ಬಿಸಲು ಕಷ್ಟವೇ ಟೀಚರ್?"

ಪುನರ್ಜನ್ಮದ ಬಗ್ಗೆ ಕೇಳಿದೆ. ಅವರ ಅನುಭಾವಿಗಳಲ್ಲಿ ಕೆಲವರು ಒಪ್ಪುತ್ತಾರೆ, ಆತ್ಮ ತನ್ನ ಬಾಕಿ ಕೆಲಸ ಮುಗಿಸಲು ಇನ್ನೊಂದು ದೇಹಕ್ಕೆ ಬರುತ್ತದೆ ಎನ್ನುತ್ತಾರೆ. ಇನ್ನು ಕೆಲವರು ಸುತರಾಂ ಒಪ್ಪುವುದಿಲ್ಲ. "ನಮ್ಮ ಮೂಲ ಗ್ರಂಥದಲ್ಲಿ ಆಚೆಯ ಲೋಕದ ಮಾತು ಬಹಳ ಕಡಿಮೆ. ಹೇಗೆ ಬದುಕಬೇಕು ಎನ್ನುವುದೇ ಪುಟಗಟ್ಟಲೆ" ಎಂದರು. ನರಕದ ಹಾಗೊಂದು ಜಾಗ ಇದೆಯಂತೆ. ಆದರೆ ಅದು ಕೊಳೆ ತೊಳೆಯುವ ಜಾಗ, ಎಂದೆಂದಿಗೂ ಬೇಯಿಸುವ ಜಾಗವಲ್ಲ. ಅಲ್ಲಿಯೂ ಶನಿವಾರ ಬೆಂಕಿ ಆರಿಸುತ್ತಾರಂತೆ, ಒಳಗಿದ್ದವರಿಗೆ ವಾರದ ರಜೆ! ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮ ಯಮಧರ್ಮನ ಆಫೀಸಿನಲ್ಲಿ ಇಂಥ ಸೌಲಭ್ಯ ಕೇಳಿಲ್ಲ.

ನಗುತ್ತಿರುವಾಗಲೇ ನನ್ನ ಫೋನ್ ಬಡಿಯಿತು. ರಿಬೆಕಾ. ಗಂಟೆ ನಾಲ್ಕೂಕಾಲು. ಐದೂವರೆಗೆ ಸೂರ್ಯಾಸ್ತ.

"ಆಂಟಿ, ಎಲ್ಲಿದ್ದೀರಿ? ಒಂಬತ್ತು ಜನ ಬಂದಾಯಿತು."

ಧೈರ್ಯ ತುಂಬುವುದು ನನ್ನ ಹುಟ್ಟುಗುಣ. "ದಾರಿಯಲ್ಲಿದ್ದೇವೆ ಮಗಾ. ಒಂದು ವೇಳೆ ತಡವಾದರೂ ತಲೆಬಿಸಿ ಮಾಡಬೇಡ. ಹನ್ನೊಂದು ತಿಂಗಳಿಗೇ ಯಾಕೆ ನಿಲ್ಲಿಸಬೇಕು? ಇನ್ನೊಂದು ತಿಂಗಳು ಸೇರಿಸಿ ವರ್ಷ ಪೂರ್ತಿ ಮಾಡು. ನಿನ್ನಪ್ಪನಿಗೆ ಅಷ್ಟು ಹೆಚ್ಚು ಪುಣ್ಯ" ಎಂದೆ.

ಫೋನ್ ಕಟ್ಟಾಯಿತು. ಸಿಗ್ನಲ್ ಹೋಗಿರಬೇಕು ಎಂದುಕೊಂಡೆ. ತಲೆ ಎತ್ತಿದರೆ ಮೋಸೆಸ್ ಅಂಕಲ್ ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಿದ್ದರು.

"ಟೀಚರ್, ನೀವು ಆ ಹುಡುಗಿಗೆ ಏನು ಹೇಳಿದಿರಿ ಗೊತ್ತೇ?"

"ಒಳ್ಳೆಯದನ್ನೇ ಹೇಳಿದೆನಲ್ಲ?"

"ಆ ಕೊಳೆ ತೊಳೆಯುವ ಜಾಗ ಇದೆಯಲ್ಲ, ಅಲ್ಲಿ ಅತಿ ಕೆಟ್ಟವರಿಗೆ ಹನ್ನೆರಡು ತಿಂಗಳು. ಪೂರ್ತಿ ಹನ್ನೆರಡು. ಮಗ ಹೇಳುವ ಒಂದೊಂದು ಪ್ರಾರ್ಥನೆಯಿಂದಲೂ ತಂದೆಯ ಆತ್ಮ ಸ್ವಲ್ಪ ಸ್ವಲ್ಪವೇ ಮೇಲೇರುತ್ತದೆ. ಆದರೆ ಹನ್ನೆರಡನೇ ತಿಂಗಳಲ್ಲೂ ಹೇಳಿದರೆ, ನನ್ನ ತಂದೆ ಅಷ್ಟು ಕೆಟ್ಟವರು ಎಂದು ಊರಿಗೆಲ್ಲ ಸಾರಿದ ಹಾಗೆ. ಅದಕ್ಕೇ ಹನ್ನೊಂದಕ್ಕೆ ನಿಲ್ಲಿಸುತ್ತೇವೆ. ಮುಂದೆ ವರ್ಷಕ್ಕೊಮ್ಮೆ ತಿಥಿಯ ದಿನ ಹೇಳುವುದು ಬೇರೆ. ಈ ಹನ್ನೊಂದು ತಿಂಗಳ ಸಾಲಿನಲ್ಲಿ ಅವಳಿಗೆ ಉಳಿದದ್ದು ಇವತ್ತು ಮಾತ್ರ."

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ನಮ್ಮಲ್ಲಿ ಸತ್ತವರು ಪಿತೃಗಳನ್ನು ಸೇರಲು ವರ್ಷ ಹಿಡಿಯುತ್ತದೆ, ತಿಂಗಳು ತಿಂಗಳು ಮಾಡಿ ವರ್ಷಾಂತಿಕದಲ್ಲಿ ಮುಗಿಸುತ್ತೇವೆ. ಒಂದು ತಿಂಗಳು ಕಡಿಮೆ ಮಾಡಿದರೆ ಅದು ಲೋಪ. ಆ ಲೆಕ್ಕವನ್ನು ತೆಗೆದುಕೊಂಡು ಹೋಗಿ ಅವಳ ಅಪ್ಪನ ಮೇಲೆ ಹಾಕಿಬಿಟ್ಟಿದ್ದೆ. ಮರಳಿ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಇಲ್ಲ.

"ನಿಮ್ಮ ತಂದೆಗೆ ಯಾರು ಮಾಡಿದ್ದು?" ಎಂದು ಅಂಕಲ್ ಮೆತ್ತಗೆ ಕೇಳಿದರು.

"ದೊಡ್ಡಪ್ಪನ ಮಗ" ಎಂದೆ. ನಾವಿಬ್ಬರೂ ಹೆಣ್ಣುಮಕ್ಕಳು. ಅಪ್ಪನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅಪ್ಪನನ್ನು ವರ್ಷಕ್ಕೊಮ್ಮೆ ನೋಡುತ್ತಿದ್ದವನು ದರ್ಭೆ ತೊಟ್ಟು ಎಳ್ಳುನೀರು ಬಿಟ್ಟ. ಕೊನೆಯ ಮೂರು ವರ್ಷ ಅಪ್ಪನಿಗೆ ಊಟ ಮಾಡಿಸಿದ ನಾನು ಅಡುಗೆ ಕೋಣೆಯಲ್ಲಿ ಎಷ್ಟು ಎಲೆ ಬೀಳುತ್ತವೆ ಎಂದು ಲೆಕ್ಕ ಹಾಕುತ್ತಿದ್ದೆ. ಎಳ್ಳುನೀರು ನಾನು ಕೊಡುತ್ತೇನೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲದಕ್ಕೂ ಬಾಯಿ ಇರುವ ನನಗೆ ಆ ದಿನ ಬಾಯಿ ಬರಲಿಲ್ಲ. ಆ ದುಃಖ ನನಗೆ ಇವತ್ತಿಗೂ ಇದೆ.

"ರಮೇಶ, ಬೇರೆ ದಾರಿ ಉಂಟಾ?" ಎಂದೆ.

"ಉಂಟು ಅಕ್ಕ. ಮುಂದಿನ ಎಕ್ಸಿಟ್‌ನಲ್ಲಿ ಹೊರಗೆ ಹೋಗಿ ಸುತ್ತಿ ಬರ್ಬೇಕು. ಇಪ್ಪತ್ತು ಕಿಲೋಮೀಟರ್ ಜಾಸ್ತಿ."

"ಹೋಗುವ."

ಅವನು ಹೋದ. ರಮೇಶನನ್ನು ಇಪ್ಪತ್ತೆರಡು ವರ್ಷದಿಂದ ಬಲ್ಲೆ, ಅವನು ಗಾಡಿಯನ್ನು ಹಾಗೆ ಓಡಿಸಿದ್ದನ್ನು ಕಂಡಿಲ್ಲ. ವೇಗದ ಮಿತಿ ಮೀರಲಿಲ್ಲ, ಕೆಳಗೂ ಇಳಿಸಲಿಲ್ಲ. ಅಲ್ ಕೂಜ್‌ನ ಹತ್ತಿರ ಬಂದಾಗ ಕೆಲಸ ಬಿಟ್ಟ ಕಾರ್ಮಿಕರ ಬಸ್ಸುಗಳು ಸಾಲಾಗಿ ಅವರ ಕ್ಯಾಂಪುಗಳಿರುವ ಮುಹೈಸ್ನಾದ ಕಡೆಗೆ ಹೊರಟಿದ್ದವು, ಕಿಟಕಿಗೆ ತಲೆ ಆನಿಸಿ ಎಲ್ಲರೂ ನಿದ್ದೆಯಲ್ಲಿ. ವರ್ಕ್‌ಶಾಪುಗಳ ನಡುವಿನ ಗಲ್ಲಿಗಳೆಲ್ಲ ರಮೇಶನಿಗೆ ಅಂಗೈ ರೇಖೆಗಳಷ್ಟೇ ಪರಿಚಿತ. ಮೋಸೆಸ್ ಅಂಕಲ್ ಟೊಪ್ಪಿಯನ್ನು ಆಗಲೇ ತಲೆಗೆ ಹಾಕಿಕೊಂಡು, ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ಸೂರ್ಯ ಎಷ್ಟು ಕೆಳಗಿದ್ದಾನೆ ಎಂದು ಕಿಟಕಿಯಿಂದ ನೋಡುತ್ತಿದ್ದರು.

ಬೋರ್ಡಿಲ್ಲದ ಮನೆ

ಐದು ಗಂಟೆ ಹದಿನೆಂಟು ನಿಮಿಷಕ್ಕೆ ತಲುಪಿದೆವು. ಸಾಮಾನ್ಯ ವಿಲ್ಲಾ, ಗೋಡೆಯ ಮೇಲೆ ಬೋಗನ್‌ವಿಲ್ಲಾ, ಗೇಟಿನ ಹೊರಗೆ ಐದಾರು ಕಾರು. ಹುಟ್ಟುಹಬ್ಬಕ್ಕೆ ಸೇರಿದ್ದಾರೆ ಎಂದುಕೊಳ್ಳಬೇಕು, ಹಾಗಿತ್ತು. ರಿಬೆಕಾ ಗೇಟಿನಲ್ಲೇ ನಿಂತಿದ್ದಳು. ಬಿಳಿ ಸಲ್ವಾರ್, ತಲೆಗೆ ದುಪಟ್ಟಾ, ಅತ್ತು ಊದಿದ ಕಣ್ಣು. ನಾನು ಗಾಡಿಯಿಂದ ಇಳಿದವಳೇ, "ನನಗೆ ಗೊತ್ತಿರಲಿಲ್ಲ ಮಗಾ, ತಪ್ಪಾಯಿತು" ಎಂದೆ. ಟೀಚರಾಗಿ ಈ ಮಾತನ್ನು ಹೇಳಿಸಿ ಅಭ್ಯಾಸವೇ ಹೊರತು ಹೇಳಿ ಅಭ್ಯಾಸವಿಲ್ಲ. ಅವಳು ನನ್ನ ಮುಖವನ್ನೂ ಸರಿಯಾಗಿ ನೋಡದೆ, "ಬಂದಿರಲ್ಲ. ಒಳಗೆ ಬನ್ನಿ" ಎಂದಳು.

ಹಜಾರದಲ್ಲಿ ಕುರ್ಚಿಗಳನ್ನು ಒಂದೇ ದಿಕ್ಕಿಗೆ ಇಟ್ಟಿದ್ದರು. ಸೂಟು ಹಾಕಿದವರು, ಟೀ ಶರ್ಟ್ ಹಾಕಿದವರು, ಅಮೆರಿಕದವರು, ಫ್ರಾನ್ಸಿನವರು, ಬಹುಶಃ ಒಬ್ಬರಿಗೊಬ್ಬರು ಸರಿಯಾಗಿ ಪರಿಚಯವೂ ಇಲ್ಲದವರು. ರಿಬೆಕಾಳ ಅಪ್ಪನನ್ನಂತೂ ಅಂಕಲ್ ಒಬ್ಬರನ್ನು ಬಿಟ್ಟು ಯಾರೂ ಕಂಡಿರಲಿಲ್ಲ. ಆಫೀಸು ಬಿಟ್ಟು ಬಂದು ಒಂದು ಗಂಟೆಯಿಂದ ಕಾಯುತ್ತಿದ್ದರು. ಶಾಲೆಯ ಪ್ರವಾಸಗಳಲ್ಲಿ ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸಿದ ಕೈ ನನ್ನದು. ನೇರವಾಗಿ ಬೆರಳು ಚಾಚಿ, "ಏಕ್, ದೋ, ತೀನ್" ಎಂದು ಶುರು ಮಾಡಿದೆ. ಮುಂದಿದ್ದ ಗಡ್ಡದ ಹಿರಿಯರೊಬ್ಬರು ಎರಡೂ ಕೈ ಬೀಸಿ ನಿಲ್ಲಿಸಿದರು. ಮನುಷ್ಯರನ್ನು ಅಂಕೆ ಹಾಕಿ ಎಣಿಸಬಾರದಂತೆ. ಹತ್ತು ಪದಗಳ ಒಂದು ವಾಕ್ಯ ಇದೆ, ಒಬ್ಬೊಬ್ಬರಿಗೆ ಒಂದೊಂದು ಪದ ಹೇಳುತ್ತ ಬಂದರು, ಕೊನೆಯ ಪದ ಮೋಸೆಸ್ ಅಂಕಲ್ ಮೇಲೆ ಬಿತ್ತು. ನನಗೆ ಅಜ್ಜಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದುದು ನೆನಪಾಯಿತು. ಹಾಗಾಗಿ ಬೇಸರವಾಗಲಿಲ್ಲ. ರಮೇಶ ಮತ್ತು ನಾನು ಸೇರಿದರೆ ಹನ್ನೆರಡಾಗುತ್ತೇವಲ್ಲ ಎಂದು ಮೆಲ್ಲಗೆ ಕೇಳಿದ್ದಕ್ಕೆ ಅಂಕಲ್, "ನೀವು ಸೇರಿದರೆ ಚಹಾದ ಕಪ್ಪು ಹನ್ನೆರಡು ಬೇಕು, ಅಷ್ಟೇ" ಎಂದರು.

ಪ್ರಾರ್ಥನೆ ಶುರುವಾಯಿತು. ನಾವು ಹೆಂಗಸರು ಹಿಂದಿನ ಸಾಲಿನಲ್ಲಿ. ನಾನು ಸೆರಗು ತಲೆಗೆ ಹೊದ್ದು ರಿಬೆಕಾಳ ಪಕ್ಕದಲ್ಲಿ ನಿಂತೆ. ಕಿಟಕಿಯ ಬೆಳಕು ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಅವರು ಓದುವ ವೇಗಕ್ಕೆ ನಮ್ಮ ಪುರೋಹಿತರೂ ಬೆಚ್ಚಿ ಬೀಳಬೇಕು. ಎಲ್ಲ ಮುಗಿಯುವ ಹೊತ್ತಿಗೆ ಆ ಹಿರಿಯರು ಹಿಂದಕ್ಕೆ ತಿರುಗಿ ರಿಬೆಕಾಳಿಗೆ ತಲೆಯಾಡಿಸಿದರು.

ಅವಳ ಕೈಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಹಾಳೆ ಇತ್ತು. ಅದರ ಹಿಂಬದಿಯಲ್ಲಿ ಪೆನ್ನಿನಿಂದ ದೇವನಾಗರಿ ಅಕ್ಷರಗಳು. ಅವಳ ಅಪ್ಪ ತಮ್ಮ ತಂದೆ ಸತ್ತಾಗ, ಅರಾಮಿಕ್ ಭಾಷೆಯ ಆ ಕದ್ದೀಷನ್ನು ತಪ್ಪಿಲ್ಲದೆ ಓದಲು ತಮಗೆ ಗೊತ್ತಿದ್ದ ಮರಾಠಿ ಲಿಪಿಯಲ್ಲಿ ಬರೆದುಕೊಂಡದ್ದು. ಎಲ್ಲಿ ಉಸಿರು ಎಳೆಯಬೇಕು ಎಂಬಲ್ಲೆಲ್ಲ ಪೆನ್ಸಿಲಿನ ಗೀಟು. ಅಂಕಲ್ ದಾರಿಯಲ್ಲಿ ನನಗೆ ಇನ್ನೊಂದು ಮಾತು ಹೇಳಿದ್ದರು: ಇಡೀ ಕದ್ದೀಷ್‌ನಲ್ಲಿ ಸಾವು ಎಂಬ ಪದವೇ ಇಲ್ಲ, ಸತ್ತವರ ಹೆಸರೂ ಇಲ್ಲ, ಇರುವುದು ದೇವರ ಸ್ತುತಿ ಮಾತ್ರ. ಅತಿ ಹೆಚ್ಚು ಕಳೆದುಕೊಂಡವರು ಎದ್ದು ನಿಂತು, ನಿನ್ನ ಲೋಕ ಒಳ್ಳೆಯದೇ ಎಂದು ಹೇಳಬೇಕು. ಹೇಳಲು ನಿಜಕ್ಕೂ ಹತ್ತು ಜನರ ಆಸರೆ ಬೇಕು ಎಂದು ನನಗೂ ಅನ್ನಿಸಿತು.

ರಿಬೆಕಾ ಓದತೊಡಗಿದಳು. ಮೊದಲ ಸಾಲಿನ ಕೊನೆಗೆ ಗಂಡಸರೆಲ್ಲ ಆಮೆನ್ ಎಂದರು. ಎರಡನೆಯದೂ ಆಯಿತು. ಮೂರನೆಯದರಲ್ಲಿ ಅವಳ ದನಿ ಒಡೆಯಿತು. ಓದು ನಿಲ್ಲಿಸಿದಳು. ಕಣ್ಣೀರು ಅಕ್ಷರಗಳ ಮೇಲೆ ಬೀಳದಿರಲಿ ಎಂದು ಅವಳು ಹಾಳೆಯನ್ನು ದೂರ ಹಿಡಿದಳು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ, ಯಾರೂ ಕಿಟಕಿ ನೋಡಲಿಲ್ಲ. ಹತ್ತು ಜನರೂ ಬೆನ್ನು ತಿರುಗಿಸಿ ನಿಂತೇ ಕಾದರು.

ಆ ಅಕ್ಷರಗಳು ನನಗೂ ಓದಲು ಬರುತ್ತಿದ್ದವು. ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದವಳು ನಾನು. ಮುಂದಿನ ಪದ ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ಮೂವತ್ತೆರಡು ವರ್ಷ ಕ್ಲಾಸಿನಲ್ಲಿ ತಡವರಿಸಿದವರಿಗೆಲ್ಲ ಮುಂದಿನ ಪದ ಹೇಳಿಕೊಟ್ಟ ಬಾಯಿ ಅದು. ತುಟಿ ಕಚ್ಚಿ ಹಿಡಿದೆ. ಅವಳ ಅಪ್ಪನಿಗೆ ಕಳೆದ ಹನ್ನೊಂದು ತಿಂಗಳೂ ಬೇರೆಯವರೇ ಹೇಳಿದ್ದಾರೆ. ಹಾಳೆಯ ಒಂದು ಅಂಚನ್ನು ನಾನು ಹಿಡಿದುಕೊಂಡು, ಅವಳು ನಿಲ್ಲಿಸಿದ ಪದದ ಕೆಳಗೆ ಬೆರಳು ಇಟ್ಟೆ. ಅಷ್ಟೇ ಮಾಡಿದೆ.

ಅವಳು ಮೂಗು ಒರೆಸಿಕೊಂಡು ಬೆರಳಿನ ಹತ್ತಿರ ನೋಡಿದಳು. ಅಲ್ಲಿಂದ ಹಿಡಿದು ಕೊನೆಯ ಪದದವರೆಗೆ ಒಂದೇ ದನಿಯಲ್ಲಿ ಓದಿದಳು, ಅಪ್ಪ ಗೀಟು ಹಾಕಿದ ಕಡೆಯಲ್ಲೆಲ್ಲ ಉಸಿರು ಎಳೆದುಕೊಳ್ಳುತ್ತ. ಹತ್ತು ಜನರ ಆಮೆನ್‌ನಲ್ಲಿ ನನ್ನದೂ ಸೇರಿತು, ಹಿಂದಿನಿಂದ ರಮೇಶನದ್ದೂ ಕೇಳಿಸಿತು. ಲೆಕ್ಕಕ್ಕೆ ಸೇರಿರಲಿಕ್ಕಿಲ್ಲ.

ಎಲ್ಲರೂ ಬಂದು ಅವಳಿಗೆ ಏನೋ ಹೇಳಿ ಹೋದರು. ಮೋಸೆಸ್ ಅಂಕಲ್ ಡಬ್ಬದ ಮುಚ್ಚಳ ತೆರೆದರು. ರಿಬೆಕಾ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಆಗ ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದಳು.

"ನಾಳೆಯಿಂದ ಹೇಳುವುದಿಲ್ಲ ಆಂಟಿ. ನನ್ನ ಪಪ್ಪಾ ಒಳ್ಳೆಯವರು."